ಒಂಬತ್ತನೆಯ ಮನೆ

ಜೈಲು, ಆರನೇ ಕೋಣೆ
20 ನವೆಂಬರ್ 1986

ಅಕ್ಕಾ,

ಹದಿಮೂರು ವರ್ಷ.

ಪತ್ರ ಬಿಡಿಸಿದ ಕೂಡಲೇ ಕೊನೆಯ ಸಾಲಿಗೆ ಹಾರುವವಳು ನೀನು. ಆ ಕಷ್ಟ ಬೇಡವೆಂದು ಮೊದಲೇ ಬರೆದೆ. ಮೊನ್ನೆ ಮಂಗಳವಾರ ತೀರ್ಪಾಯಿತು. ಒಂಬತ್ತು ಮನೆಗಳ ಕಳ್ಳತನವನ್ನು ನ್ಯಾಯಾಧೀಶರು ಓದಿ ಮುಗಿಸಿದ ಹೊತ್ತಿನಲ್ಲಿ ನಮ್ಮ ರಾಸ್ ಸಾಲಿಹ್ ಬಂದರಿನಲ್ಲಿ ಒಂದು ಬುಟ್ಟಿ ಮೀನು ಕೂಡ ಹರಾಜಾಗುವುದಿಲ್ಲ. ಎತ್ತು ಈಯಿತು ಎಂದು ಠಾಣೆಯವರು ಬರೆದುಕೊಟ್ಟರು, ಕೊಟ್ಟಿಗೆಗೆ ಕಟ್ಟು ಎಂದು ಇವರು ಹೇಳಿದರು. ನೀನು ಬರಲಿಲ್ಲ, ಒಳ್ಳೆಯದೇ ಆಯಿತು. ಮಗಳನ್ನು ಕೊಟ್ಟು ಮೂರು ತಿಂಗಳಾದ ತಾಯಿ ಕಳ್ಳನ ಪರವಾಗಿ ಆ ಬೆಂಚಿನಲ್ಲಿ ಕೂರಬಾರದು.

ನಾನು ಕಳ್ಳ. ಅದನ್ನು ನಿನ್ನಿಂದ ಯಾವಾಗ ಮುಚ್ಚಿಟ್ಟೆ? ಆದರೆ ನಾನು ನಾಲ್ಕು ಮನೆಯ ಕಳ್ಳ, ಒಂಬತ್ತು ಮನೆಯವನಲ್ಲ. ನಾಲ್ಕೂ ಫ್ರಾನ್ಸಿನಲ್ಲಿ ದುಡಿಯುವವರ ಮನೆಗಳು, ಹನ್ನೊಂದು ತಿಂಗಳು ಬೀಗ ಹಾಕಿಕೊಂಡು ಆಗಸ್ಟಿನಲ್ಲಿ ಮಾತ್ರ ಕಿಟಕಿ ತೆರೆಯುವಂಥವು. ರೇಡಿಯೋ, ಫ್ಯಾನು, ಕಂಬಳಿ, ಇಷ್ಟೇ. ಜನ ಇರುವ ಮನೆಗೆ ನಾನು ಕಾಲಿಟ್ಟವನಲ್ಲ. ಎರಡು ವರ್ಷದಿಂದ ಕಳ್ಳ ಸಿಗದ ಕಾಗದಗಳೆಲ್ಲ ಠಾಣೆಯಲ್ಲಿ ಧೂಳು ತಿನ್ನುತ್ತಿದ್ದವು. ನಾನು ಸಿಕ್ಕ ಮೇಲೆ ಹತ್ತರ ಜೊತೆಗೆ ಹನ್ನೊಂದು ಎಂದು ನನ್ನ ಬೆನ್ನಿಗೆ ಹೇರಿದರು. ಅದರಲ್ಲೊಂದು ಹೊಲಿಗೆ ಯಂತ್ರ. ಎಣ್ಣೆಯ ಜಾಡಿ ಒಡೆದು, ಹಾಸಿಗೆ ಹರಿದು, ಆ ಯಂತ್ರವನ್ನು ಹೆಗಲಿಗೇರಿಸಿಕೊಂಡು ನಾನು ಗೋಡೆ ಹಾರಿದೆನಂತೆ. ನನ್ನ ಸೊಂಟದ ಕಥೆ ಊರಿಗೇ ಗೊತ್ತು. ಕದ್ದದ್ದಕ್ಕೆ ಹೊಡೆಯಲಿ, ಆದರೆ ಇಷ್ಟು ಕೆಟ್ಟದಾಗಿ ಕದ್ದೆ ಎನ್ನುವುದನ್ನು ನಾನು ಹೇಗೆ ಸಹಿಸಲಿ?

ಮೇಲ್ಮನವಿಗೆ ಹತ್ತು ದಿನ ಗಡುವು. ಇವತ್ತೇ ಜೈಲಿನ ಕಚೇರಿಯಲ್ಲಿ ರುಜು ಹಾಕಿದ್ದೇನೆ. ವಕೀಲ ಗರ್ಬಿಯವರಿಗೂ ತಿಳಿಸಿದ್ದೇನೆ. ನನ್ನದಲ್ಲದ ನಾಲ್ಕು ಮನೆಗಳ ಮೇಲೆ ಜಗಳವಾಡುತ್ತೇನೆ.

ಒಂಬತ್ತನೆಯ ಮನೆಯ ಮೇಲೆ ಮಾತ್ರ ಮೇಲ್ಮನವಿ ಇಲ್ಲ. ಲಲ್ಲಾ ಬಯ್ಯಾ ಅವರ ಮನೆಯ ಚಿನ್ನದ ಕಾಲ್ಕಡಗದ ಕಳವನ್ನು ನಾನು ಒಪ್ಪಿಕೊಂಡಿದ್ದೇನೆ. ಜನವಿರುವ ಮನೆ, ಅದರಲ್ಲೂ ಸಾವಿನ ಮನೆ ಎಂದು ಅದೊಂದಕ್ಕೇ ಎಂಟು ವರ್ಷ ಬಿದ್ದಿದೆ. ಬೀಳಲಿ. ಅದರ ಬಗ್ಗೆ ನನ್ನನ್ನು ಏನೂ ಕೇಳಬೇಡ. ಇಲ್ಲಿ ಪತ್ರಗಳನ್ನು ತೆರೆದು ಓದುವ ಅಧಿಕಾರಿಯೊಬ್ಬರಿದ್ದಾರೆ, ಅದು ನೆನಪಿರಲಿ.

ದಲೆಂದಾಳಿಗೆ ಮಾವನ ಆಶೀರ್ವಾದ ತಿಳಿಸು. ಅತ್ತೆಯ ಮನೆಯಲ್ಲಿ ನನ್ನ ಹೆಸರೆತ್ತುವಂತಿಲ್ಲದಿದ್ದರೆ ತಿಳಿಸಬೇಡ.

ತಿಜಾನಿ


ರಾಸ್ ಸಾಲಿಹ್
27 ನವೆಂಬರ್ 1986

ತಿಜಾನಿ,

ನಿನಗೆ ತಲೆ ಕೆಟ್ಟಿದೆಯೇ?

ನಾಲ್ಕು ಕಡ್ಡಿ ಹಿಡಿದು ಕಿತ್ತಾಡುತ್ತೀಯ, ಕುತ್ತಿಗೆ ಮೇಲೆ ಬಿದ್ದಿರುವ ತೊಲೆಯನ್ನು ಹಾಗೇ ಬಿಡುತ್ತೀಯ. ಎಂಟು ವರ್ಷ! ಒಂಬತ್ತನೆಯದನ್ನು ಒಪ್ಪಿಕೊಂಡದ್ದು ಹೊಡೆತಕ್ಕೋ? ಹೊಡೆದರು ಎಂದು ವಕೀಲರಿಗೆ ಹೇಳು. ಹೊಡೆಯದೆಯೇ ಒಪ್ಪಿಕೊಂಡೆಯಾದರೆ ನಿನ್ನನ್ನು ನಾನೇ ಹೊಡೆಯಬೇಕು.

ಲಲ್ಲಾ ಬಯ್ಯಾ ತೀರಿಕೊಂಡ ಮೇಲಿನ ಮೂರು ದಿನವೂ ನಾನು ಅವರ ಅಂಗಳದಲ್ಲೇ ಇದ್ದೆ. ಮುನ್ನೂರು ಜನರಿಗೆ ಕುಸ್‌ಕುಸ್ ಬೇಯಿಸಿದವಳು ನಾನು. ಸಾವಿನ ಮನೆಯ ಬಾಗಿಲಿಗೆ ಮೂರು ದಿನ ಅಗುಳಿ ಹಾಕುವುದಿಲ್ಲ, ದಾರಿಹೋಕನೂ ಬಂದು ಉಂಡು ಹೋಗುತ್ತಾನೆ. ಈಗ ವಕೀಲರು ಠಾಣೆಯ ವರದಿ ಓದಿ ಹೇಳಿದರು: ಆರೋಪಿ ಮೂರನೇ ದಿನ ಹಿಂದಿನ ಗೋಡೆ ಹತ್ತಿ ಒಳಗಿಳಿದು ಪೆಟ್ಟಿಗೆಯ ಬೀಗ ಒಡೆದ. ಊರಿಗೆ ಊರೇ ಬಾಗಿಲಿನಿಂದ ನಡೆದುಹೋಗುತ್ತಿರುವ ಮನೆಗೆ ಗೋಡೆ ಹತ್ತುವ ಕಳ್ಳ ಯಾವನು? ಹತ್ತಿದನೇ ಅನ್ನು, ಆ ಗೋಡೆಯ ಬುಡದಲ್ಲೇ ನನ್ನ ಒಲೆ ಇತ್ತು. ನೇರವಾಗಿ ನನ್ನ ಹಂಡೆಗೆ ಬೀಳುತ್ತಿದ್ದ.

ಬೀಗ ಒಡೆದ ಸದ್ದು ಕೇಳಿದ್ದೂ ನಾನೇ. ಅದು ಮೂರನೇ ದಿನ ಅಲ್ಲ, ಅದರ ಮರುದಿನ, ಶುಕ್ರವಾರ, ನಾನು ಹಂಡೆ ತೊಳೆಯುತ್ತಿದ್ದಾಗ. ಒಳಗೆ ಇದ್ದದ್ದು ಲಲ್ಲಾ ಬಯ್ಯಾ ಅವರ ಮಗ, ಊರು ಮರ್ಯಾದೆಗೆ ‘ಸಿ’ ಸೇರಿಸಿ ಕರೆಯುವ ಸಿ ಲತೀಫ್. ಟ್ಯೂನಿಸ್‌ನಿಂದ ಬಂದವರಿಗೆ ತಾಯಿಯ ಪೆಟ್ಟಿಗೆಯ ಕೀಲಿ ಸಿಗಲಿಲ್ಲ. ಸುತ್ತಿಗೆಯಿಂದ ಒಡೆದರು.

ಆ ಮನೆಯಲ್ಲಿ ಯಾವ ಕಳ್ಳತನವೂ ಆಗಿಲ್ಲ. ಅದು ನನಗೆ ಗೊತ್ತು. ಹೇಗೆ ಗೊತ್ತು ಎಂದು ನೀನೂ ಕೇಳಬೇಡ. ಸುಮ್ಮನೆ ಒಂಬತ್ತನೆಯದನ್ನು ಮೇಲ್ಮನವಿಗೆ ಸೇರಿಸು. ನಾಳೆಗೆ ಗಡುವು ಮುಗಿಯುತ್ತದೆ, ಈ ಪತ್ರ ತಲುಪುವುದಿಲ್ಲ ಎಂದು ಗರ್ಬಿಯವರನ್ನೇ ಹಿಡಿದೆ. ಎಲ್ಲ ಒಂಬತ್ತಕ್ಕೂ ಸೇರಿಸಿ ಅವರ ಕೈಯಿಂದಲೇ ಅರ್ಜಿ ಹಾಕಿಸಿದ್ದೇನೆ. ನೀನು ಬೇಡ ಎಂದರೆ ಮಾತ್ರ ಅದು ಬೀಳುತ್ತದಂತೆ.

ದಲೆಂದಾಳಿಗೆ ಎರಡು ತಿಂಗಳು. ವಾಂತಿ ನಿಂತಿಲ್ಲ. ನಿನ್ನ ಕೋಣೆಯ ಮಿಲಾದ್‌ನ ಹೆಂಡತಿ ಹದಿನೈದು ದಿನಕ್ಕೊಮ್ಮೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಊಟದ ಬುಟ್ಟಿ ಕಳಿಸುತ್ತಿದ್ದೇನೆ. ಹರೀಸಾ ಚಟ್ನಿ ಖಾರವಾಗಿದೆ, ಒಮ್ಮೆಗೇ ತಿನ್ನಬೇಡ.

ನಿನ್ನ ಅಕ್ಕ
ಮನ್ನೂಬಿಯ


ಆರನೇ ಕೋಣೆ
8 ಡಿಸೆಂಬರ್ 1986

ಅಕ್ಕಾ,

ಇದು ಅಂಚೆಯಲ್ಲಿ ಬರುತ್ತಿಲ್ಲ. ಖಾಲಿ ಬುಟ್ಟಿಯ ತಳದ ಹೆಣಿಗೆ ಬಿಚ್ಚಿ ಒಳಗಿಟ್ಟಿದ್ದೇನೆ. ಓದಿ ಒಲೆಗೆ ಹಾಕು.

ನೀನು ಕೇಳಬೇಡ ಎಂದೆ, ನಾನು ಕೇಳುವುದಿಲ್ಲ. ಕೇಳುವ ಅಗತ್ಯವೇ ಇಲ್ಲ. ಆಗಸ್ಟ್ ಹದಿನಾಲ್ಕು, ಗುರುವಾರ, ದಲೆಂದಾ ಮದುವಣಗಿತ್ತಿಯಾಗಿ ಕಾರಿನಿಂದ ಇಳಿದಾಗ ನಾನು ಡೋಲಿನವರ ಹಿಂದೆ ನಿಂತಿದ್ದೆ. ಬೀಗರ ಕಣ್ಣಿಗೆ ಬೀಳಬಾರದೆಂದು ಅಷ್ಟರಲ್ಲೇ ಹೊರಟುಬಿಟ್ಟೆ. ಊರವರು ಹುಡುಗಿಯ ಮುಖ ನೋಡಿದರು, ನಾನು ಕಾಲು ನೋಡಿದೆ. ನನ್ನ ಕಣ್ಣು ಹಾಗೆ, ಏನು ಮಾಡಲಿ. ತುದಿಯಲ್ಲಿ ಮೀನಿನ ತಲೆ ಇರುವ ಎರಡು ದಪ್ಪ ಕಡಗ. ಒಂದು ಮೀನಿಗೆ ಕಣ್ಣಿನ ಕಲ್ಲು ಬಿದ್ದುಹೋಗಿತ್ತು. ನಮ್ಮ ಅಮ್ಮ ಸತ್ತಾಗ ಬಿಟ್ಟುಹೋದದ್ದು ಒಂದು ಜೊತೆ ಬೆಳ್ಳಿಯ ಓಲೆ. ಈ ಚಿನ್ನ ಎಲ್ಲಿಂದ ಬಂತು ಎಂದು ಅವತ್ತೇ ಅನ್ನಿಸಿತು.

ಠಾಣೆಯಲ್ಲಿ ಕಳವಾದ ಮಾಲಿನ ಗುರುತು ಓದಿದರು: ಕಡಗ ಎರಡು, ತುದಿಯಲ್ಲಿ ಮೀನು, ಒಂದಕ್ಕೆ ಕಣ್ಣಿಲ್ಲ. ಪ್ರತಿ ಶುಕ್ರವಾರ ಆ ಮನೆಗೆ ಅಡುಗೆಗೆ ಹೋಗುತ್ತಿದ್ದವಳು ನೀನು. ನಾನು ಅಲ್ಲ ಅಂದರೆ ಅವರು ಮುಂದೆ ಯಾರನ್ನು ಹುಡುಕುತ್ತಾರೆ? ಅದಕ್ಕೇ ಅವರು ಓದಿ ಮುಗಿಸುವ ಮೊದಲೇ ನಾನೇ ಎಂದುಬಿಟ್ಟೆ. ಹೊಡೆಯಲಿಲ್ಲ, ಸಿಗರೇಟು ಕೊಟ್ಟರು.

ನಿನ್ನ ಮೇಲೆ ನನಗೆ ಕೋಪವಿಲ್ಲ. ಗಂಡನಿಲ್ಲದೆ ಮಗಳನ್ನು ಸಾಕಿದವಳು, ಮದುವೆಯ ಹೊತ್ತಿಗೆ ಕೈ ಜಾರಿರಬಹುದು. ನನ್ನ ಕೈ ಇಪ್ಪತ್ತು ವರ್ಷದಿಂದ ಜಾರುತ್ತಿದೆ. ನೀನು ಕಳಿಸಿದ ಬುಟ್ಟಿಗಳಿಗೆ ಲೆಕ್ಕವಿಲ್ಲ, ಇದೊಂದು ಸಲ ನಾನು ಹೊರುತ್ತೇನೆ. ಒಂಬತ್ತನೆಯದು ಬೇಡ ಎಂದು ಗರ್ಬಿಯವರಿಗೆ ಬರೆಯುತ್ತೇನೆ.

ತಿಜಾನಿ


ಆರನೇ ಕೋಣೆ
20 ಜನವರಿ 1987

ಅಕ್ಕಾ,

ಆರು ವಾರದಿಂದ ನಿನ್ನ ಪತ್ರವಿಲ್ಲ. ಬುಟ್ಟಿ ಬರುತ್ತಿದೆ, ಆದರೆ ಕುಸ್‌ಕುಸ್‌ಗೆ ಉಪ್ಪಿಲ್ಲ, ಮೀನಿಗೆ ಖಾರವಿಲ್ಲ. ಹೋದ ಸಲದ ರೊಟ್ಟಿಯನ್ನು ಮಿಲಾದ್ ಬಾಯಿಗಿಟ್ಟು, “ನಿಮ್ಮಕ್ಕಂಗೆ ಹುಷಾರಿಲ್ವೇನೋ?” ಎಂದು ಕೇಳಿದ. ಹೆದರಿದ್ದೀಯ ಎಂದು ನನಗೆ ಗೊತ್ತು. ಹೆದರಬೇಡ, ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಒಂದು ವಿಷಯ ಮಾತ್ರ ಕೇಳು, ಇದು ಅನುಭವದ ಮಾತು. ಮನೆಯಲ್ಲಿಟ್ಟಿರುವ ಆ ಎರಡು ಮೀನುಗಳಿವೆಯಲ್ಲ, ಅವನ್ನು ಹೆಚ್ಚು ದಿನ ಇಟ್ಟುಕೊಳ್ಳಬೇಡ, ವಾಸನೆ ಬರುತ್ತದೆ. ನಮ್ಮೂರ ಮಾರುಕಟ್ಟೆಗೆ ಒಯ್ಯಲೇಬೇಡ. ಸ್ಫಾಕ್ಸ್‌ಗೆ ಹೋಗು. ಅಲ್ಲಿಯೂ ಇಡೀ ಮೀನು ಮಾರಬೇಡ, ಕತ್ತರಿಸಿ ಮಾರು. ತಲೆ ನೋಡಿದರೆ ಯಾವ ದೋಣಿಯ ಮೀನು ಎಂದು ಕಂಡುಹಿಡಿಯುವ ಜನ ಇರುತ್ತಾರೆ.

ಮೇಲ್ಮನವಿಯ ವಿಚಾರಣೆ ಜೂನ್‌ನಲ್ಲಂತೆ. ನಾಲ್ಕು ಮನೆ ಹೋದರೆ ಹದಿಮೂರು ಹನ್ನೊಂದಾಗುತ್ತದೆ ಎಂದು ಗರ್ಬಿ ಹೇಳುತ್ತಾರೆ. ಹನ್ನೊಂದಾದರೆ ಹೊರಬರುವ ಹೊತ್ತಿಗೆ ದಲೆಂದಾಳ ಮಗುವಿಗೆ ಹತ್ತು ತುಂಬಿರುತ್ತದೆ. ಅದಕ್ಕೆ ಈಜು ಕಲಿಸುತ್ತೇನೆ.

ಉಪ್ಪು ಹಾಕು.

ತಿಜಾನಿ


ರಾಸ್ ಸಾಲಿಹ್
2 ಫೆಬ್ರವರಿ 1987

ಈ ಪತ್ರವನ್ನು ತೆರೆದು ಓದುವ ಅಧಿಕಾರಿಗಳೇ, ನಿಮಗೆ ಸಲಾಂ. ನೀವು ಓದಬೇಕೆಂದೇ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನನ್ನ ಹೆಸರು ಮನ್ನೂಬಿಯ. ನಿಮ್ಮ ಆರನೇ ಕೋಣೆಯ ತಿಜಾನಿಯ ಅಕ್ಕ. ಮದುವೆಯ ಮನೆ, ಸಾವಿನ ಮನೆಗಳಲ್ಲಿ ಅಡುಗೆ ಮಾಡುವವಳು. ಸಾಕ್ಷಿ ಹೇಳುವುದು ನಿಮಗೆ, ಬೈಗುಳ ಅವನಿಗೆ. ಎರಡನ್ನೂ ಬೇರೆಬೇರೆ ಮಾಡಿಕೊಳ್ಳುವಷ್ಟು ಓದಿದವರು ನೀವು.

ತಿಜಾನಿ, ಕಾಮಾಲೆ ಕಣ್ಣಿನವನಿಗೆ ಊರೆಲ್ಲ ಹಳದಿ. ತಾ ಕಳ್ಳ, ಪರರ ನಂಬ. ಗಾದೆ ಮಾಡಿದವರು ನಿನ್ನನ್ನು ನೋಡಿಯೇ ಮಾಡಿರಬೇಕು.

ನಿನ್ನ ಬುಟ್ಟಿಯ ಪತ್ರ ಓದಿದ ದಿನ ನಾನು ಒಲೆಯ ಮುಂದೆ ಕೂತವಳು ಸಂಜೆಯವರೆಗೆ ಏಳಲಿಲ್ಲ. ಮೂವತ್ತು ವರ್ಷ ಈ ಊರಿನ ಅಡುಗೆಮನೆಗಳಲ್ಲಿ ನಿಂತಿದ್ದೇನೆ. ತಿಜಾನಿಯ ಅಕ್ಕ ಎಂದು ಗೊತ್ತಿದ್ದೂ ಜನ ನನ್ನ ಕೈಗೆ ಉಗ್ರಾಣದ ಕೀಲಿ ಕೊಡುತ್ತಾರೆ. ಒಂದು ಚಿಟಿಕೆ ಕೇಸರಿಯನ್ನೂ ಮಡಿಲಲ್ಲಿ ಕಟ್ಟಿಕೊಂಡು ಬಂದವಳಲ್ಲ. ಊರು ನನ್ನನ್ನು ನಂಬಿತು. ನಂಬದವನು ಒಬ್ಬನೇ, ಒಂದೇ ತಾಯಿಯ ಹಾಲು ಕುಡಿದವನು. ಮೇಲೆ ಕ್ಷಮೆ ಬೇರೆ ಕೊಡುತ್ತೀಯ. “ಕೈ ಜಾರಿರಬಹುದು.” ನನ್ನ ಕೈ ಜಾರಿದ್ದು ಒಂದೇ ಸಲ, ಚಿಕ್ಕವನಿದ್ದಾಗ ನಿನ್ನನ್ನು ಎತ್ತಿಕೊಂಡಿದ್ದಾಗ. ಅವತ್ತು ನಿನ್ನ ತಲೆಗೆ ಪೆಟ್ಟಾಯಿತು ಎಂದು ಈಗ ತಿಳಿಯುತ್ತಿದೆ.

ಅದಾದ ಮೇಲೆ ಮೀನಿನ ಪತ್ರ! ಕತ್ತರಿಸಿ ಮಾರಬೇಕಂತೆ. ಸ್ಫಾಕ್ಸ್‌ಗೆ ಹೋಗಬೇಕಂತೆ. ನನಗೆ ಕಳ್ಳತನದ ಪಾಠ.

ಈಗ ನಡೆದದ್ದು ಕೇಳು. ಮದುವೆಗೆ ಹತ್ತು ದಿನ ಮುಂಚೆ ಲಲ್ಲಾ ಬಯ್ಯಾ ನನ್ನನ್ನು ಒಳಕೋಣೆಗೆ ಕರೆದರು. ಪೆಟ್ಟಿಗೆ ತೆರೆದು ಕಡಗ ತೆಗೆದು ನನ್ನ ಮಡಿಲಿಗೆ ಹಾಕಿದರು. ನಾನು ಕೇಳಿರಲಿಲ್ಲ. “ಹುಡುಗೀನ ಬರಿಗಾಲಲ್ಲಿ ಕಳಿಸ್ತೀಯೇನೇ? ಮದ್ವೆ ಆದ ಏಳನೇ ದಿನ ತಂದ್ಕೊಡು. ನಾನು ಯಾರಿಗೂ ಹೇಳಲ್ಲ, ನೀನೂ ಹೇಳ್ಬೇಡ,” ಎಂದರು. ನಮ್ಮ ಊರಿನಲ್ಲಿ ಮದುವೆಯ ಚಿನ್ನ ಹೀಗೇ ಮನೆಯಿಂದ ಮನೆಗೆ ನಡೆಯುತ್ತದೆ, ಕೊಟ್ಟವರು ಬಾಯಿ ಬಿಡುವುದಿಲ್ಲ, ಹುಡುಗಿಯ ಮಾನ ಉಳಿಯುತ್ತದೆ. ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ಬೀಗ ನೋಡಿಯೇ ಒಳಗಿರುವುದನ್ನು ಹೇಳುವ ನಿನಗೆ ಇದು ಗೊತ್ತಾಗಲಿಲ್ಲ.

ಏಳನೆಯ ದಿನ ಬರುವ ಮೊದಲೇ, ಐದನೆಯ ದಿನಕ್ಕೆ ಅವರು ತೀರಿಕೊಂಡರು. ಸಾವಿನ ಮನೆಗೆ ಮದುವೆಯ ಚಿನ್ನ ಹಿಡಿದುಕೊಂಡು ಹೋಗುವ ಹೆಂಗಸು ಈ ಕರಾವಳಿಯಲ್ಲಿ ಹುಟ್ಟಿಲ್ಲ. ನಲವತ್ತನೆಯ ದಿನ ಕಳೆದ ಮೇಲೆ ಕೊಡೋಣ ಎಂದು ಕಾದೆ. ಅಷ್ಟರಲ್ಲಿ ಸಿ ಲತೀಫ್ ಬೀಗ ಒಡೆದು, ಕಡಗ ಇಲ್ಲ ಎಂದು ದೂರು ಕೊಟ್ಟರು. ಎರಡು ವಾರ ಕಳೆಯುವಷ್ಟರಲ್ಲಿ ನಿನ್ನನ್ನು ಹಿಡಿದರು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇದನ್ನು ಬರೆಯಲೇ ಆರು ವಾರ ಬೇಕಾಯಿತು. ಕೊಟ್ಟವರು ಮಣ್ಣಿನಡಿ, ಕಡಗ ಕಳ್ಳನ ಅಕ್ಕನ ಗೋಧಿಯ ಡಬ್ಬದಲ್ಲಿ. ಯಾರು ನಂಬುತ್ತಾರೆ? ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದಲೆಂದಾಳ ಅತ್ತೆ ಲಲ್ಲಾ ಶಾದ್ಲಿಯಾ ಮದುವೆಯ ದಿನ ಕೇಳಿದಾಗ ಇದು ನಮ್ಮ ಅಮ್ಮನ ಕಡಗ ಎಂದುಬಿಟ್ಟೆ. ಎರವಲು ತರುವುದು ತಪ್ಪಲ್ಲ, ಎಲ್ಲರೂ ತರುತ್ತಾರೆ. ತಮ್ಮದೇ ಎಂದು ಹೇಳುವುದು ತಪ್ಪು. ನೀನು ಮಾಡಿಲ್ಲ ಎಂದ ಮೇಲೆ ಒಂಬತ್ತನೆಯದು ತಾನಾಗೇ ಬಿದ್ದುಹೋಗುತ್ತದೆ, ನನ್ನ ಸುಳ್ಳು ಹೊರಬರುವುದಿಲ್ಲ ಎಂದು ನಂಬಿಕೊಂಡು ಕೂತೆ. ನೀನು ಒಪ್ಪಿಕೊಳ್ಳುತ್ತೀಯ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಸಾಕ್ಷಿ ಇದೆ. ಮದುವೆಯ ದಿನ ಕಾರು ಹತ್ತುವ ಮೊದಲು ತೆಗೆದ ಫೋಟೋ. ಲಲ್ಲಾ ಬಯ್ಯಾ ಬಗ್ಗಿ ತಮ್ಮ ಕೈಯಿಂದಲೇ ದಲೆಂದಾಳ ಕಾಲಿಗೆ ಕಡಗದ ಕೊಂಡಿ ಹಾಕುತ್ತಿದ್ದಾರೆ. ಮೀನಿನ ತಲೆ ಕಾಣುತ್ತದೆ. ಹಿಂದೆ ಅಂಗಡಿಯ ಮುದ್ರೆ, ತಾರೀಖು. ಸತ್ತ ಮೇಲೆ ಕಳುವಾಯಿತು ಎನ್ನುವ ಕಡಗ ಬದುಕಿದ್ದಾಗಲೇ ಒಡತಿಯ ಕೈಯಿಂದ ನನ್ನ ಮಗಳ ಕಾಲಿಗೆ ಬಂದಿತ್ತು. ಇರುವುದು ಒಂದೇ ಪ್ರತಿ. ತೆಗೆದವನು ಅಂಗಡಿ ಮುಚ್ಚಿ ಇಟಲಿಗೆ ಹೋಗಿದ್ದಾನೆ. ಆ ಪ್ರತಿ ಇರುವುದು ಲಲ್ಲಾ ಶಾದ್ಲಿಯಾರ ನಡುಮನೆಯ ಗೋಡೆಯ ಮೇಲೆ.

ಅಲ್ಲಿಂದ ಅದನ್ನು ಇಳಿಸಬೇಕಾದರೆ ಏಕೆ ಎಂದು ಹೇಳಬೇಕು. ಹೇಳಿದರೆ ದಲೆಂದಾಳ ಗತಿ ಏನೋ ಗೊತ್ತಿಲ್ಲ.

ಅಧಿಕಾರಿಗಳೇ, ಇಷ್ಟೇ. ತಿಜಾನಿ, ನೀನು ಇನ್ನೊಮ್ಮೆ ನನಗೆ ಕ್ಷಮೆ ಕೊಡಲು ಬಂದರೆ ಬುಟ್ಟಿಯಲ್ಲಿ ಕಲ್ಲು ಕಳಿಸುತ್ತೇನೆ.

ಮನ್ನೂಬಿಯ


ಆರನೇ ಕೋಣೆ
12 ಫೆಬ್ರವರಿ 1987

ಅಕ್ಕಾ,

ನಿನ್ನೆ ನನ್ನನ್ನು ಕಚೇರಿಗೆ ಕರೆಸಿದರು. ಪತ್ರ ಓದುವ ಅಧಿಕಾರಿ ಮೇಜಿನ ಆಚೆ ಕೂತಿದ್ದರು, ನಿನ್ನ ಪತ್ರ ಮುಂದಿತ್ತು. “ಮೀನು ಚೆನ್ನಾಗಿತ್ತೇನಯ್ಯ?” ಎಂದು ಕೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆಮೇಲೆ ಅವರೇ ಪತ್ರದ ನಕಲು ಮಾಡಿಸಿ, ಮುದ್ರೆ ಹಾಕಿ, ಗರ್ಬಿಯವರಿಗೆ ಕಳಿಸುವ ವ್ಯವಸ್ಥೆ ಮಾಡಿದರು. ಪತ್ರವನ್ನು ನನ್ನ ಕೈಗಿಡುವಾಗ, “ಇಪ್ಪತ್ತು ವರ್ಷದಿಂದ ಓದ್ತಿದೀನಿ, ನನಗೆ ಸಲಾಂ ಹೇಳಿದ್ದು ಇದೊಂದೇ ಪತ್ರ,” ಎಂದರು.

ನಾನು ಅದನ್ನು ಎಷ್ಟು ಸಲ ಓದಿದೆನೋ. ನೀನು ಕಳ್ಳಿ ಎಂದು ನನಗೆ ಏಕೆ ಅಷ್ಟು ಬೇಗ ಅನ್ನಿಸಿತು? ನೀನೂ ನನ್ನಂತೆಯೇ ಎಂದು ತಿಳಿದಾಗ, ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಸಮಾಧಾನವಾಗಿತ್ತು. ಇಷ್ಟು ವರ್ಷ ಒಬ್ಬನೇ ಇದ್ದೆ ಅಕ್ಕಾ. ಅದಕ್ಕೇ ಎಂಟು ವರ್ಷ ಹಗುರವಾಗಿ ಕಂಡಿತು. ಈಗ ಆ ಎಂಟು ವರ್ಷ ಪೂರ್ತಿ ಭಾರವಾಗಿದೆ. ಮಾಡದ ತಪ್ಪಿಗೆ, ಯಾರೂ ಮಾಡಿರದ ತಪ್ಪಿಗೆ. ಆ ವರದಿ ಬರೆದವನ ಮೇಲೆ ಹಲ್ಲು ಕಡಿದು ಕಡಿದು ದವಡೆ ನೋಯುತ್ತಿದೆ.

ಒಂಬತ್ತನೆಯದು ಬೇಡ ಎಂದ ನನ್ನ ಕಾಗದವನ್ನು ಗರ್ಬಿ ಇನ್ನೂ ಕೋರ್ಟಿಗೆ ಕೊಟ್ಟಿರಲಿಲ್ಲ, ಹರಿದುಹಾಕಿ ಎಂದು ಹೇಳಿದ್ದೇನೆ. ಆದರೆ ಫೋಟೋ ಬೇಡ. ಸುತ್ತಿಗೆಯ ವಿಷಯ ಹೇಳು, ತೆರೆದ ಬಾಗಿಲಿನ ವಿಷಯ ಹೇಳು. ಅಷ್ಟರಲ್ಲಿ ಆದಷ್ಟಾಗಲಿ. ಬಸುರಿ ಹುಡುಗಿಯನ್ನು ಆ ಮನೆಯಿಂದ ಇಳಿಸಬೇಡ.

ಹೊಟ್ಟೆಗೆ ಹಾಕಿಕೋ.

ತಿಜಾನಿ


ರಾಸ್ ಸಾಲಿಹ್
15 ಮಾರ್ಚ್ 1987

ತಿಜಾನಿ,

ಫೋಟೋ ಇಳಿಸಿಯಾಯಿತು.

ಸುತ್ತಿಗೆಯ ಮಾತಿಗೆ ನನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ, ಅದು ಸಾಲದು ಎಂದು ಗರ್ಬಿ ಹೇಳಿದರು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಹೋದ ಭಾನುವಾರ ಒಂದು ತಟ್ಟೆ ಖರ್ಜೂರದ ಮಕ್ರೂದ್ ಮಾಡಿಕೊಂಡು ಲಲ್ಲಾ ಶಾದ್ಲಿಯಾರ ಮನೆಗೆ ಹೋದೆ. ಅವರು ತಿಂಡಿಯ ಬಟ್ಟೆ ತೆಗೆಯುವ ಮೊದಲೇ ಎಲ್ಲ ಹೇಳಿದೆ. ಅಳಿಯ ಫೌಜಿ ಬಾಗಿಲಲ್ಲಿ ನಿಂತಿದ್ದ. ಲಲ್ಲಾ ಶಾದ್ಲಿಯಾ ತಟ್ಟೆಯನ್ನು ನನ್ನ ಕಡೆಗೇ ತಳ್ಳಿದರು.

“ಏಳು ತಿಂಗಳಿಂದ ನನ್ ಗೋಡೆ ಮೇಲೆ ಯಾರದೋ ಚಿನ್ನ ನೇತಾಕ್ಸಿದೀಯಲ್ಲ, ಮನ್ನೂಬಿಯಾ. ಬಂದೋರಿಗೆಲ್ಲ ತೋರ್ಸಿದೀನಿ ನಾನು. ತಗೊಂಡೋಗು. ಮಗಳನ್ನೂ ಕರ್ಕೊಂಡೋಗು.”

ದಲೆಂದಾ ಏನು ಮಾಡಿದಳು ಗೊತ್ತೇ? ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಸ್ಟೂಲು ಹತ್ತಿ ತಾನೇ ಫೋಟೋ ಬಿಚ್ಚಿದಳು. ಕೆಳಗಿಳಿದು ಅತ್ತೆಯ ಮುಂದೆ ನಿಂತು, “ಕಡಗ ಎರವಲು ಅತ್ತೆ, ನಾನಲ್ಲ,” ಎಂದಳು. ಹೇಳಿ ಚಪ್ಪಲಿ ಮೆಟ್ಟಿದಳು.

ಈಗ ನನ್ನ ಜೊತೆಗಿದ್ದಾಳೆ. ಫೌಜಿ ದಿನಾ ಸಂಜೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಹೋಗುತ್ತಾನೆ. ಒಳಗೆ ಬಾ ಎಂದರೆ ಅಮ್ಮ ಬೇಡ ಎಂದಿದ್ದಾಳೆ ಎನ್ನುತ್ತಾನೆ, ಮನೆಗೆ ಹೋಗು ಎಂದರೆ ಮನಸ್ಸಿಲ್ಲ ಎನ್ನುತ್ತಾನೆ. ಅವನಿಗೂ ಅಲ್ಲೇ ತಟ್ಟೆ ಕೊಡುತ್ತೇನೆ. ಬೀದಿಯ ಹೆಂಗಸರಿಗೆ ಒಳ್ಳೆಯ ನೋಟ ಸಿಕ್ಕಿದೆ. ಎರವಲಿನ ಸರ ಹಾಕಿಕೊಂಡು ಮದುವೆಯಾದವರೇ ಎಲ್ಲರಿಗಿಂತ ಹೆಚ್ಚು ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಒಬ್ಬೊಬ್ಬಳ ಸರ ಯಾರ ಮನೆಯಿಂದ ಬಂದಿತ್ತು ಎಂದು ನನಗೆ ಗೊತ್ತು, ಅವರ ಮದುವೆಗೆಲ್ಲ ಅಡುಗೆ ಮಾಡಿದವಳು ನಾನೇ. ಆದರೆ ಹೇಳುವುದಿಲ್ಲ.

ಕಡಗ ಮತ್ತು ಫೋಟೋ ಎರಡನ್ನೂ ನ್ಯಾಯಾಧೀಶರ ಮುಂದೆ ನಾನೇ ಇಡುತ್ತೇನೆ. ನನ್ನನ್ನೂ ಹಿಡಿಯಬಹುದು ಎಂದು ಗರ್ಬಿ ಎಚ್ಚರಿಸಿದರು. ಹಿಡಿಯಲಿ.

ಮನ್ನೂಬಿಯ


ಆರನೇ ಕೋಣೆ
11 ಜೂನ್ 1987

ಅಕ್ಕಾ,

ಮೊನ್ನೆ ನಿನ್ನನ್ನು ಸಾಕ್ಷಿಯೆಂದು ಹೊರಗೆ ಕೂರಿಸಿದ್ದರಿಂದ ಮೊದಲ ಭಾಗ ನೀನು ನೋಡಲಿಲ್ಲ. ಅದನ್ನು ಬರೆಯಲೇಬೇಕು.

ಸಿ ಲತೀಫ್ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ನನ್ನ ಕಡೆ ತಿರುಗಲೂ ಇಲ್ಲ. ತಾಯಿಯ ಸಾವಿನ ಮನೆಯಲ್ಲೂ ಕದ್ದ ನೀಚ ಎಂದು ಶುರುಮಾಡಿದರು. ಮುಖ್ಯ ನ್ಯಾಯಾಧೀಶರು ಮಾತು ತಡೆದು, ಗರ್ಬಿ ಕೊಟ್ಟ ಫೋಟೋವನ್ನು ಅವರ ಕೈಗೆ ಕೊಡಿಸಿದರು. ಅವರು ನೋಡಿದರು. ಮುದುಕಿಯ ಮುಖ ಅದರಲ್ಲಿ ಕಾಣುವುದಿಲ್ಲವಂತೆ, ಬಗ್ಗಿದ್ದಾರೆ.

“ಇದು ಅಮ್ಮನ ಕೈ,” ಎಂದರು. “ಬೆರಳ ತುದಿಗೆ ಮಾತ್ರ ಗೋರಂಟಿ ಹಚ್ಕೊಳ್ಳೋರು.”

ಬೀಗ ಒಡೆದವರು ಯಾರು ಎಂದು ನ್ಯಾಯಾಧೀಶರು ಕೇಳಿದರು.

“ನಾನೇ. ಕೀಲಿ ಸಿಗಲಿಲ್ಲ.”

“ಠಾಣೆಯಲ್ಲಿ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ.”

ಅಕ್ಕಾ, ಈ ಎರಡು ಪದಕ್ಕೆ ನನ್ನ ಎಂಟು ವರ್ಷ. ಒಂಬತ್ತು ತಿಂಗಳು ನಾನು ಮಲಗುವಾಗ ಏಳುವಾಗ ಠಾಣೆಯವರನ್ನು ಶಪಿಸಿದೆ, ಲತೀಫರನ್ನು ಶಪಿಸಿದೆ, ಕೊನೆಗೆ ನೋಡಿದರೆ ಯಾರೂ ಕೇಳಲಿಲ್ಲ, ಇವರು ಹೇಳಲಿಲ್ಲ. ಕಟಕಟೆಯ ಕಂಬಿ ಹಿಡಿದು ಕೂಗಬೇಕೆನ್ನಿಸಿತು. ಆದರೆ ಆ ಹೊತ್ತಿಗೆ ನಿನ್ನನ್ನು ಕರೆದರು. ನೀನು ಕಡಗವನ್ನು ಅಡುಗೆಯ ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, “ಎಣಿಸ್ಕೊಳ್ಳಿ, ಎರಡಿದೆ, ಒಂದು ಮೀನಿಗೆ ಕಣ್ಣಿಲ್ಲ, ಅದು ಮೊದಲಿಂದ್ಲೂ ಇಲ್ಲ,” ಎಂದೆಯಲ್ಲ, ಆಗ ನಾನು ಕೂಗಲಿಲ್ಲ. ಯಾರೂ ನಿನ್ನನ್ನು ಹಿಡಿಯಲೂ ಇಲ್ಲ.

ತೀರ್ಪು ನಿನಗೆ ಗೊತ್ತು. ಒಂಬತ್ತನೆಯದು ಹೋಯಿತು. ಉಳಿದ ವರದಿಗಳೂ ಅದೇ ಕೈಬರಹ, ಅದೇ ಮಾತು, ‘ಹಿಂದಿನ ಗೋಡೆ ಹತ್ತಿ ಬೀಗ ಒಡೆದು’. ಅವುಗಳಲ್ಲಿ ಮೂರು ಹೋದವು. ಹೊಲಿಗೆ ಯಂತ್ರ ಮಾತ್ರ ನನ್ನ ಕುತ್ತಿಗೆಯಲ್ಲೇ ಉಳಿಯಿತು. ಮನೆಯವನು ನನ್ನ ಬೆನ್ನು ನೋಡಿದ್ದಾನಂತೆ! ಬೆನ್ನಿನ ಮೇಲೆ ಹೆಸರು ಬರೆದಿತ್ತೇನು? ಆ ಯಂತ್ರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಒಟ್ಟು ಮೂರೂವರೆ ವರ್ಷ, ಹಿಡಿದ ದಿನದಿಂದ. ಆ ನಾಲ್ಕು ನನ್ನವು. ಅವುಗಳ ಬಗ್ಗೆ ನನ್ನ ತಕರಾರಿಲ್ಲ.

ದಲೆಂದಾ ನನಗಾಗಿ ಸ್ಟೂಲು ಹತ್ತಿದಳಲ್ಲ, ಅವಳಿಗೆ ಏನು ಹೇಳಲಿ? ನೀನೇ ಏನಾದರೂ ಹೇಳು.

ತಿಜಾನಿ


ರಾಸ್ ಸಾಲಿಹ್
24 ಜೂನ್ 1987

ತಿಜಾನಿ,

ಹನ್ನೆರಡನೇ ತಾರೀಖು ಬೆಳಿಗ್ಗೆ ದಲೆಂದಾಳಿಗೆ ಹೆಣ್ಣು ಮಗು. ನನ್ನ ಮನೆಯಲ್ಲೇ. ಬಯ್ಯಾ ಎಂದು ಹೆಸರಿಟ್ಟೆವು. ಕಿರುಚುವುದು ಮಾತ್ರ ನಿನ್ನಂತೆ.

ಏಳನೆಯ ದಿನದ ಊಟಕ್ಕೆ ಕಾಯಿಪಲ್ಯ ಹೆಚ್ಚುತ್ತಿದ್ದೆ. ಲಲ್ಲಾ ಶಾದ್ಲಿಯಾ ಬಂದರು, ಕಂಕುಳಲ್ಲಿ ಒಂದು ಹುಂಜ. ಹುಂಜವನ್ನು ನನ್ನ ಕೈಗೆ ತುರುಕಿ ನೇರ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಕೂತರು. ಊಟವಾಯಿತು, ಹೊರಟರು. ಹೊಸ್ತಿಲಲ್ಲಿ ತಿರುಗಿ, “ಕೋರ್ಟಿನೋರು ಆ ಫೋಟೋ ಯಾವಾಗ ವಾಪಸ್ ಕೊಡ್ತಾರೆ? ಮೊಳೆ ಹಾಗೇ ಬೋಳಾಗಿ ನಿಂತಿದೆ,” ಎಂದರು. ದಲೆಂದಾ ನಲವತ್ತು ದಿನ ಕಳೆದು ಹೋಗುತ್ತೇನೆ ಎಂದಿದ್ದಾಳೆ. ಹೋಗುವಾಗ ಬರಿಗಾಲಲ್ಲೇ ಹೋಗುತ್ತಾಳಂತೆ.

ಸಿ ಲತೀಫ್ ಕೂಡ ಬಂದಿದ್ದರು. ತಾಯಿಯ ಕೊನೆಯ ಫೋಟೋ ಅದೊಂದೇ, ಒಂದು ಪ್ರತಿ ಮಾಡಿಸಿಕೊಡಿ ಎಂದರು. ಕೊಡುತ್ತೇನೆ ಎಂದೆ. ಸುತ್ತಿಗೆಯ ಬಗ್ಗೆ ಒಂದು ಮಾತಾಡಲಿಲ್ಲ, ನಿನ್ನ ಹೆಸರೂ ಎತ್ತಲಿಲ್ಲ. ನನ್ನ ಕಾಫಿ ಕುಡಿದು ಹೋದರು. ನನಗೆ ಹೊಟ್ಟೆ ಉರಿದದ್ದು ಉರಿದದ್ದೇ. ಕೆಲವರಿಗೆ ಕ್ಷಮೆ ಕೇಳಲು ಬಾಯಿರುವುದಿಲ್ಲ, ಕೆಲವರಿಗೆ ಕೊಡಲು ಮಾತ್ರ ಬಾಯಿರುತ್ತದೆ. ಎರಡನೆಯದು ನಿನಗೆ ಹೇಳಿದ್ದು.

ಬುಟ್ಟಿ ಕಳಿಸಿದ್ದೇನೆ. ಉಪ್ಪು ಹಾಕಿದ್ದೇನೆ.

ಇನ್ನೊಂದು ಮಾತಿದೆ. ತೊಂಬತ್ತನೇ ಇಸವಿಯ ಮಾರ್ಚಿನಲ್ಲಿ ನೀನು ಹೊರಬರುತ್ತೀಯ. ಆಗಸ್ಟ್‌ವರೆಗೆ ನನ್ನ ಹಂಡೆ ತೊಳೆ. ಆಗಸ್ಟಿನಲ್ಲಿ ಫ್ರಾನ್ಸಿನವರು ಬರುತ್ತಾರೆ, ನಿನ್ನ ಆ ನಾಲ್ಕು ಮನೆಗಳ ಕಿಟಕಿ ತೆರೆಯುತ್ತದೆ. ನಾನು ಜೊತೆಗೆ ಬರುತ್ತೇನೆ, ಆದರೆ ಮಾತಾಡುವವನು ನೀನು. ಬೈದರೆ ಬೈಸಿಕೊಳ್ಳಬೇಕು, ಮುಖಕ್ಕೆ ಹೊಡೆದಂತೆ ಬಾಗಿಲು ಮುಚ್ಚಿದರೆ ಮರುದಿನ ಮತ್ತೆ ಹೋಗಬೇಕು. ಆ ಮನೆಗಳ ಗೋಡೆಗಳೆಲ್ಲ ನಿನಗೆ ಚೆನ್ನಾಗಿ ಗೊತ್ತು. ಹಗಲು ಹೊತ್ತಿನಲ್ಲಿ ಬಾಗಿಲು ತಟ್ಟಿ, ಒಳಗಿನವರು ಬಂದು ತೆರೆಯುವವರೆಗೆ ನಿಂತು ಕಾಯುವುದನ್ನು ಮಾತ್ರ ನೀನು ಇನ್ನೂ ಕಲಿತಿಲ್ಲ.

ನಿನ್ನ ಅಕ್ಕ
ಮನ್ನೂಬಿಯ